ರಕ್ತದ ಚೀಟಿಯಲ್ಲಿ ಇನ್ನೊಂದು ಕಾಲಂ ಬೇಕು

ಮಾನ್ಯ ಆರೋಗ್ಯ ಸಚಿವರಿಗೆ, ಆರೋಗ್ಯ ಇಲಾಖೆಯ ಆಯುಕ್ತರಿಗೆ, ಮಾಲಿನ್ಯ ನಿಯಂತ್ರಣ ಮಂಡಳಿಯವರಿಗೆ, ಜೊತೆಗೆ ಬೆಂಗಳೂರಿನಲ್ಲಿ ಕೆಮ್ಮಿಗೆ ಔಷಧಿ ಬರೆಯುವ ಎಲ್ಲ ಡಾಕ್ಟರುಗಳಿಗೆ,

ನಮಸ್ಕಾರ.

ನಾನು ಲ್ಯಾಬ್ ಟೆಕ್ನಿಷಿಯನ್. ಇಪ್ಪತ್ತೆರಡು ವರ್ಷದಿಂದ ಈ ಊರಿನ ಜನರ ರಕ್ತ ತೆಗೆಯುತ್ತಿದ್ದೇನೆ. ಮೊದಲು ಯಶವಂತಪುರ, ಆಮೇಲೆ ಲಗ್ಗೆರೆ, ಈಗ ಪೀಣ್ಯದ ಹತ್ತಿರ. ದಿನಕ್ಕೆ ನಲವತ್ತು ಐವತ್ತು ಕೈ ನನ್ನ ಮುಂದೆ ಬರುತ್ತವೆ. ರಬ್ಬರ್ ಪಟ್ಟಿ ಬಿಗಿದು ನರ ಹುಡುಕುವಾಗ ಕೈಯನ್ನೇ ನೋಡುತ್ತೇನಲ್ವಾ, ಅರ್ಧ ಕಥೆ ಅಲ್ಲೇ ಗೊತ್ತಾಗುತ್ತದೆ. ಉಗುರಿನ ಸಂದಿಯಲ್ಲಿ ಗ್ರೀಸು, ಸಿಮೆಂಟು ತಿಂದ ಬೆರಳು, ಎಣ್ಣೆ ಸಿಡಿದ ಮೊಣಕೈ. ಆದರೆ ಆ ಕಥೆ ಬರೆಯುವುದಕ್ಕೆ ನನ್ನ ಚೀಟಿಯಲ್ಲಿ ಜಾಗ ಇಲ್ಲ. ಹೆಸರು, ವಯಸ್ಸು, ಗಂಡೋ ಹೆಣ್ಣೋ, ಕಳಿಸಿದ ಡಾಕ್ಟರು ಯಾರು, ತಿಂಡಿ ತಿಂದಿದ್ದಾರಾ ಇಲ್ಲವಾ. ಮುಗಿಯಿತು.

ಈ ಪತ್ರ ಆ ಜಾಗ ಕೇಳುವುದಕ್ಕೆ.

ಕಳೆದ ಆಷಾಢದಲ್ಲಿ ಒಬ್ಬ ಅಮ್ಮ ಬಂದರು. ವಯಸ್ಸು ಅರವತ್ತೊಂದು. ನಮ್ಮ ಲ್ಯಾಬಿಗೆ ಇರುವುದು ಮೂರೇ ಮೆಟ್ಟಿಲು. ಮಗಳ ಭುಜ ಹಿಡಿದು ಹತ್ತಿ ಬಾಗಿಲಲ್ಲೇ ನಿಂತು ಉಸಿರು ಎಳೆದುಕೊಂಡರು. ಸುಸ್ತು ಅಂತ ಡಾಕ್ಟರು ಸಿಬಿಸಿ, ಅಂದರೆ ರಕ್ತದ ಕಣಗಳನ್ನೆಲ್ಲ ಎಣಿಸುವ ಪರೀಕ್ಷೆ ಬರೆದುಕೊಟ್ಟಿದ್ದರು. ಹಿಮೋಗ್ಲೋಬಿನ್ 17.8 ಬಂತು. ಯಂತ್ರ ಕೆಟ್ಟಿತೇನೋ ಅಂತ ಇನ್ನೊಂದು ಸಲ ಹಾಕಿದೆ. ಅದೇ ಬಂತು. ಮಗಳಿಗೆ ಖುಷಿಯೋ ಖುಷಿ. “ನೋಡಮ್ಮ, ನಂಗೆ ಒಂಬತ್ತು, ನಿಂಗೆ ಹದಿನೇಳೂವರೆ ಮೇಲೆ! ನಿಂಗೆ ರಕ್ತ ಚೆನ್ನಾಗಿದೆ.”

ಚೆನ್ನಾಗಿರಲಿಲ್ಲ. ಹೆಂಗಸರಿಗೆ 12ರಿಂದ 15 ಇದ್ದರೆ ಸಾಕು. ಶ್ವಾಸಕೋಶ ವರ್ಷಗಟ್ಟಲೆ ಸರಿಯಾಗಿ ಆಮ್ಲಜನಕ ಕೊಡದಿದ್ದರೆ ಅದು ಮೂತ್ರಪಿಂಡಕ್ಕೆ ಗೊತ್ತಾಗುತ್ತದೆ. ಅದು ಎರಿಥ್ರೊಪೊಯೆಟಿನ್ ಅನ್ನುವ ಹಾರ್ಮೋನನ್ನು ಜಾಸ್ತಿ ಬಿಡುತ್ತದೆ. ಮೂಳೆಯೊಳಗಿನ ಮಜ್ಜೆ ಇನ್ನಷ್ಟು, ಇನ್ನಷ್ಟು ಕೆಂಪು ಕಣ ಮಾಡಿ ಕಳಿಸುತ್ತದೆ. ಗಾಳಿ ಕಮ್ಮಿ, ಅದನ್ನು ಹೊರುವ ಕೂಲಿಗಳು ಜಾಸ್ತಿ. ಆ ಅಮ್ಮನ ರಕ್ತ ಸಿರಿಂಜಿಗೆ ಬರುವಾಗಲೇ ನಿಧಾನವಾಗಿ, ಬೆಲ್ಲದ ಪಾಕದ ಹಾಗೆ ಬಂದಿತ್ತು. ಬೇರೆ ಕಾರಣಕ್ಕೂ ಹೀಗೆ ಏರಬಹುದು. ಆದರೆ ಬಾಗಿಲಲ್ಲಿ ನಿಂತು ಏದುಸಿರು ಬಿಡುವವರಲ್ಲಿ ಮೊದಲು ಬರಬೇಕಾದ ಅನುಮಾನ ಇದೇ.

ಕೇಳಿದೆ. “ಅಮ್ಮಾ, ಅಡಿಗೆ ಯಾವುದರಲ್ಲಿ ಮಾಡ್ತಿದ್ರಿ?”

“ಸೌದೆ ಒಲೆ ಕಣಮ್ಮ. ಮೂವತ್ತೈದು ವರ್ಷ ಇಡ್ಲಿ ಹಾಕಿ ಮಾರಿದ್ದು. ಬೆಳಗಿನ ಜಾವ ನಾಲ್ಕಕ್ಕೆ ಹಚ್ಚಿದ್ರೆ ಹನ್ನೊಂದಕ್ಕೆ ಆರಿಸೋದು.”

“ಡಾಕ್ಟರಿಗೆ ಹೇಳಿದ್ರಾ?”

“ಅವರು ಬೀಡಿ ಗೀಡಿ ಸೇದ್ತೀರಾ ಅಂತ ಕೇಳಿದ್ರು. ನಾನು ಥೂ ಅಂದೆ.”

ನೋಡಿ, ಎಲ್ಲ ಅಲ್ಲೇ ಇದೆ. ಬೀಡಿಯ ಪ್ರಶ್ನೆ ತಪ್ಪಲ್ಲ. ಒಲೆಯ ಪ್ರಶ್ನೆ ಬರಲೇ ಇಲ್ಲ, ಅಷ್ಟೆ. ನಮ್ಮ ದೇಶದ ಲೆಕ್ಕ ಬೇರೆಯೇ ಇದೆ. 2016ರ ಅಂಕಿ ಇಟ್ಟುಕೊಂಡು 2018ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದು, ಭಾರತದಲ್ಲಿ ಸಿಒಪಿಡಿ ಅನ್ನುವ ದೀರ್ಘಕಾಲದ ಶ್ವಾಸಕೋಶ ರೋಗದ ಹೊರೆಯಲ್ಲಿ ಅರ್ಧಕ್ಕಿಂತ ಜಾಸ್ತಿ ಪಾಲು ಕೆಟ್ಟ ಗಾಳಿಯದು ಅಂದಿತು. ಬೀದಿ ಗಾಳಿ, ಅಡಿಗೆಮನೆ ಹೊಗೆ ಎರಡೂ ಸೇರಿ. ತಂಬಾಕಿನದು ಸುಮಾರು ಕಾಲು ಪಾಲು. ಜಗತ್ತಿನ ಜನರಲ್ಲಿ ನಾವು 18 ಶೇಕಡ ಇದ್ದರೂ ಈ ಬಗೆಯ ಉಸಿರಾಟದ ರೋಗಗಳ ಹೊರೆಯಲ್ಲಿ ನಮ್ಮದು 32 ಶೇಕಡ. ಇಷ್ಟಿದ್ದೂ ನಾವು ಕೇಳುವುದು ಬೀಡಿಯನ್ನು ಮಾತ್ರ.

ಈಗ ನನ್ನದೇ ತಪ್ಪೊಂದನ್ನು ಹೇಳಿಕೊಳ್ಳಬೇಕು. ಬೇರೆಯವರನ್ನು ಕೇಳುವ ಮೊದಲು ಇದು ಆಗಲಿ.

ಇಯೊಸಿನೊಫಿಲ್ ಅಂತ ಒಂದು ಬಿಳಿ ರಕ್ತಕಣ. ಸ್ಲೈಡ್ ಮೇಲೆ ಒಂದು ಹನಿ ರಕ್ತ ಎಳೆದು, ಲೀಶ್‌ಮನ್ ಬಣ್ಣ ಹಾಕಿ, ತೊಳೆದು ಒಣಗಿಸಿ ಮೈಕ್ರೋಸ್ಕೋಪಿನ ಕೆಳಗಿಟ್ಟರೆ ತಕ್ಷಣ ಗುರುತು ಸಿಗುತ್ತದೆ. ಮೈತುಂಬ ಕಿತ್ತಳೆ ಕೆಂಪಿನ ಕಾಳು, ನಡುವೆ ಕನ್ನಡಕದ ಗಾಜಿನ ಹಾಗೆ ಎರಡು ನೇರಳೆ ಹೋಳು. ಕೆಲಸಕ್ಕೆ ಸೇರಿದ ಹೊಸದರಲ್ಲಿ ನನಗೆ ಇದನ್ನು ನೋಡುವುದೇ ಹಬ್ಬ. ಅಲರ್ಜಿಯಲ್ಲಿ ಇದು ಏರುತ್ತದೆ, ಹೊಟ್ಟೆಹುಳದಲ್ಲಿ ಏರುತ್ತದೆ, ಆಸ್ತಮಾದಲ್ಲಿ ಏರುತ್ತದೆ. ಈಗ ಇದಕ್ಕೆ ಇನ್ನೂ ಒಂದು ಬೆಲೆ ಬಂದಿದೆ. ಸಿಒಪಿಡಿ ಇರುವವರು ಪದೇ ಪದೇ ಉಲ್ಬಣಗೊಂಡು ಬರುತ್ತಿದ್ದರೆ, ಸೇದುವ ಸ್ಟೀರಾಯ್ಡ್ ಕೊಡಬೇಕೋ ಬೇಡವೋ ಅನ್ನುವುದಕ್ಕೆ ಡಾಕ್ಟರುಗಳು ಈ ಕಣದ ಲೆಕ್ಕ ನೋಡುತ್ತಾರೆ. ಒಂದು ಮೈಕ್ರೋಲೀಟರ್ ರಕ್ತದಲ್ಲಿ 300 ಅಥವಾ ಜಾಸ್ತಿ ಇದ್ದರೆ ಸ್ಟೀರಾಯ್ಡ್ ಕೆಲಸ ಮಾಡುವ ಸಾಧ್ಯತೆ ಹೆಚ್ಚು. 100ಕ್ಕಿಂತ ಕಮ್ಮಿ ಇದ್ದರೆ ಲಾಭ ಕಮ್ಮಿ. ಸುಮ್ನೆ ಕೊಟ್ಟರೆ ನ್ಯುಮೋನಿಯಾ ಬರುವ ಅಪಾಯ ಬೇರೆ.

ಅಂದರೆ ಎಲ್ಲಕ್ಕಿಂತ ಅಗ್ಗದ ರಕ್ತ ಪರೀಕ್ಷೆಯಲ್ಲಿ, ಎಲ್ಲರಿಗೂ ಬರೆಯುವ ಸಿಬಿಸಿಯಲ್ಲಿ, ಶ್ವಾಸಕೋಶದ ಒಂದು ದೊಡ್ಡ ಗುಟ್ಟು ಕೂತಿದೆ. ಪೇಪರಿನಲ್ಲಿ ಜಾಹೀರಾತು ಬರುತ್ತದಲ್ಲ, ಎಂಬತ್ತು ಟೆಸ್ಟಿನ ಫುಲ್ ಬಾಡಿ ಪ್ಯಾಕೇಜು, ಅದೇನೂ ಬೇಕಿಲ್ಲ.

ತಪ್ಪು ಏನೆಂದರೆ, ಸಣ್ಣ ಲ್ಯಾಬುಗಳಲ್ಲಿ ಇರುವ ಯಂತ್ರ ಬಿಳಿ ಕಣಗಳನ್ನು ಮೂರೇ ಗುಂಪು ಮಾಡುತ್ತದೆ. ಅದರಲ್ಲಿ ಇಯೊಸಿನೊಫಿಲ್‌ಗೆ ಸ್ವಂತ ಮನೆ ಇಲ್ಲ. ಬೇರೆ ಎರಡು ಜಾತಿಯ ಕಣಗಳ ಜೊತೆ ‘ಮಧ್ಯದವು’ ಅಂತ ಒಂದೇ ಕೋಣೆಗೆ ತಳ್ಳುತ್ತದೆ. ಬಿಡಿಸಿ ಹೇಳಬೇಕಾದರೆ ಸ್ಲೈಡ್ ಮಾಡಿ ನೂರು ಕಣ ಕಣ್ಣಾರೆ ಎಣಿಸಬೇಕು. ಬೆಳಗ್ಗೆ ಎಂಟಕ್ಕೆ ಇಪ್ಪತ್ತು ಜನ ಸಾಲಿನಲ್ಲಿ ನಿಂತಿದ್ದಾಗ ಯಾರು ಎಣಿಸುತ್ತಾರೆ? ರಿಪೋರ್ಟಿನ ನಮೂನೆಯಲ್ಲಿ ‘ಇಯೊಸಿನೊಫಿಲ್’ ಅಂತ ಖಾಲಿ ಜಾಗ ಇರುತ್ತದೆ. ನಾವು 2 ಅಂತ ಟೈಪ್ ಮಾಡುತ್ತೇವೆ. ಇಲ್ಲವೇ 3. ಹಾಗೆ ನಾನೂ ಮಾಡಿದ್ದೇನೆ. ಒಂದೆರಡು ಸಲ ಅಲ್ಲ.

ಲೆಕ್ಕ ನೋಡಿ. ಬಿಳಿ ಕಣ ಒಟ್ಟು 8,000. ಅದರಲ್ಲಿ 2 ಶೇಕಡ ಅಂದರೆ 160. ನಿಜವಾಗಿ ಎಣಿಸಿದ್ದರೆ 5 ಶೇಕಡ ಇತ್ತು ಅಂದುಕೊಳ್ಳಿ, ಆಗ 400. ನನ್ನ ಒಂದು ಬೆರಳು ಕೀಲಿಮಣೆ ಮೇಲೆ ಅಭ್ಯಾಸಬಲದಿಂದ ಒತ್ತಿದ ಅಂಕಿಗೆ ಒಬ್ಬರ ಔಷಧಿ ಬದಲಾಗಿಬಿಡುತ್ತದೆ. ಇದು ಗೊತ್ತಾದ ದಿನ ರಾತ್ರಿ ನಿದ್ದೆ ಬರಲಿಲ್ಲ ಅಂತ ಬರೆದರೆ ನಾಟಕ ಅನಿಸೀತು, ಆದರೆ ಊಟ ಸೇರಲಿಲ್ಲ ಅನ್ನುವುದು ನಿಜ. ಈಗ ಕೆಮ್ಮು, ದಮ್ಮು ಅಂತ ಬಂದವರದ್ದನ್ನಾದರೂ ಎಣಿಸಿಯೇ ಬರೆಯುತ್ತೇನೆ. ಎಣಿಸದಿದ್ದರೆ ಆ ಜಾಗ ಖಾಲಿ ಬಿಡುತ್ತೇನೆ. ಖಾಲಿ ಬಿಟ್ಟಿದ್ದಕ್ಕೆ ಫೋನ್ ಬರುತ್ತದೆ. ಬರಲಿ.

ಎಣಿಸಿದರೂ ಆಟ ಮುಗಿಯುವುದಿಲ್ಲ. ಉಬ್ಬಸ ಅಂತ ಮೆಡಿಕಲ್ ಶಾಪಿನಲ್ಲಿ ಕೇಳಿ ಎರಡು ದಿನ ‘ದಮ್ಮಿನ ಮಾತ್ರೆ’ ನುಂಗಿ ಬಂದವರ ರಕ್ತದಲ್ಲಿ ಇಯೊಸಿನೊಫಿಲ್ ಹುಡುಕಿದರೂ ಸಿಗುವುದಿಲ್ಲ. ಆ ಮಾತ್ರೆಗಳಲ್ಲಿ ಎಷ್ಟೋ ಸಲ ಸ್ಟೀರಾಯ್ಡ್ ಇರುತ್ತದೆ, ಅದು ಆ ಕಣಗಳನ್ನು ಗಂಟೆಗಳಲ್ಲಿ ಇಳಿಸಿಬಿಡುತ್ತದೆ. ಇನ್ನು 3,000 ದಾಟಿದ್ದರೆ? ಆನೆಕಾಲು ರೋಗದ ಹುಳಕ್ಕೆ ಶ್ವಾಸಕೋಶ ಸಿಟ್ಟಾಗುವ ಒಂದು ಕಾಯಿಲೆ ಇದೆ, ರಾತ್ರಿ ಹೊತ್ತು ಕೆಮ್ಮು ಜಾಸ್ತಿ, ಆಸ್ತಮಾ ಅಂತಲೇ ಅಂದುಕೊಳ್ಳುತ್ತಾರೆ. ಅದಕ್ಕೆ ಔಷಧಿ ಬೇರೆ. ಕಲಬುರಗಿ ಕಡೆಯಿಂದಲೋ ಬಿಹಾರದಿಂದಲೋ ಕಟ್ಟಡ ಕೆಲಸಕ್ಕೆ ಬಂದವರನ್ನು “ಯಾವೂರಣ್ಣ ನಿಂದು?” ಅಂತ ಒಂದು ಮಾತು ಕೇಳಿದರೆ ದಾರಿ ಸಿಗುತ್ತದೆ. ಅಂಕಿ ಒಂದೇ. ಅದು ಏನು ಹೇಳುತ್ತದೆ ಅನ್ನುವುದು ಮನುಷ್ಯ ಎಲ್ಲಿದ್ದ, ಏನು ಉಸಿರಾಡಿದ, ಏನು ನುಂಗಿದ ಅನ್ನುವುದರ ಮೇಲೆ ನಿಂತಿದೆ.

ಸಿಆರ್‌ಪಿ, ಅಂದರೆ ಮೈಯಲ್ಲಿ ಉರಿಯೂತ ಇದ್ದರೆ ರಕ್ತದಲ್ಲಿ ಏರುವ ಒಂದು ಪ್ರೋಟೀನ್, ಅದರ ಕಥೆಯೂ ಹೀಗೇ. 1930ರಲ್ಲಿ ನ್ಯೂಯಾರ್ಕಿನಲ್ಲಿ ಟಿಲೆಟ್ ಮತ್ತು ಫ್ರಾನ್ಸಿಸ್ ಅನ್ನುವ ಇಬ್ಬರು ನ್ಯುಮೋನಿಯಾ ರೋಗಿಗಳ ರಕ್ತದಲ್ಲಿ ಕಂಡದ್ದು. ಅಂದರೆ ಹುಟ್ಟಿದ್ದೇ ಶ್ವಾಸಕೋಶದ ಕಾಯಿಲೆಯಿಂದ. ಕೋವಿಡ್ ಸಮಯದಲ್ಲಿ ಗಲ್ಲಿ ಗಲ್ಲಿಯಲ್ಲೂ ಅದರ ಹೆಸರು ಕೇಳಿತು. ಸೋಂಕು ಬಂದ ಕೆಲವೇ ಗಂಟೆಯಲ್ಲಿ ಲಿವರ್ ಅದನ್ನು ಸುರಿಯಲು ಶುರುಮಾಡುತ್ತದೆ. 2019ರಲ್ಲಿ ಬ್ರಿಟನ್ನಿನ ಒಂದು ಪ್ರಯೋಗ ಪ್ರಕಟವಾಯಿತು. ಸಿಒಪಿಡಿ ಜೋರಾಗಿ ಬಂದವರಿಗೆ ಕ್ಲಿನಿಕ್ಕಿನಲ್ಲೇ ಬೆರಳಿಗೆ ಚುಚ್ಚಿ ಸಿಆರ್‌ಪಿ ನೋಡಿದರು. ನೋಡದ ಗುಂಪಿನಲ್ಲಿ 77 ಶೇಕಡ ಜನ ಆ್ಯಂಟಿಬಯಾಟಿಕ್ ತೆಗೆದುಕೊಂಡರು, ನೋಡಿದ ಗುಂಪಿನಲ್ಲಿ 57 ಶೇಕಡ. ಯಾರಿಗೂ ಅದರಿಂದ ಹಾನಿಯಾದಂತೆ ಕಾಣಲಿಲ್ಲ. ನಮ್ಮಲ್ಲಿ? ಮೊದಲು ಐದು ದಿನದ ಕೋರ್ಸು, ವಾಸಿಯಾಗದಿದ್ದರೆ ಆಮೇಲೆ ಟೆಸ್ಟು. ಟೆಸ್ಟಿಗೆ ಬರುವಷ್ಟರಲ್ಲಿ ಎರಡು ಬಗೆಯ ಮಾತ್ರೆ ಹೊಟ್ಟೆ ಸೇರಿರುತ್ತದೆ. ಸಿಆರ್‌ಪಿಯೂ ಒಬ್ಬಂಟಿಯಾಗಿ ಏನೂ ಹೇಳುವುದಿಲ್ಲ, ಬೊಜ್ಜು, ಸಂಧಿವಾತಕ್ಕೂ ಏರುತ್ತದೆ. ಆದರೂ ಒಂದು ಸುಳಿವು ಸುಳಿವೇ.

ಟಿಬಿ ವಿಷಯ ಸ್ವಲ್ಪ ಉದ್ದ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಮೊದಲೇ ಹೇಳಿಬಿಡುತ್ತೇನೆ. ಟಿಬಿಯನ್ನು ರಕ್ತದಲ್ಲಿ ಕಂಡುಹಿಡಿಯುತ್ತೇವೆ ಅಂತ ಯಾರಾದರೂ ಪ್ರತಿಕಾಯದ ಟೆಸ್ಟ್ ಮಾರಲು ಬಂದರೆ ದುಡ್ಡು ಕೊಡಬೇಡಿ. ಒಂದು ಕಾಲದಲ್ಲಿ ಅದು ಬೀದಿಬೀದಿಯಲ್ಲಿತ್ತು. ಸುಳ್ಳು ಫಲಿತಾಂಶ ಜಾಸ್ತಿ ಅಂತ ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲಿ ಬೇಡ ಅಂದಿತು, ಭಾರತ ಸರ್ಕಾರ 2012ರಲ್ಲಿ ನಿಷೇಧವನ್ನೇ ಮಾಡಿತು. ಈಗಿರುವ ಇಗ್ರಾ ಅನ್ನುವ ರಕ್ತ ಪರೀಕ್ಷೆ ಮೈಯಲ್ಲಿ ಟಿಬಿ ಸೋಂಕು ಹೊಕ್ಕಿದೆಯಾ ಅಂತ ಹೇಳಬಹುದು. ಅದು ಮಲಗಿದೆಯೋ ಎದ್ದಿದೆಯೋ ಹೇಳುವುದಿಲ್ಲ. ಶ್ವಾಸಕೋಶದ ಟಿಬಿ ಹಿಡಿಯಲು ಕಫ ಬೇಕು. ಕಫದಲ್ಲಿ ಟಿಬಿ ರೋಗಾಣು ಹುಡುಕುವ ಟ್ರೂನ್ಯಾಟ್ ಯಂತ್ರ ಇದೆಯಲ್ಲ, ಅದು ರೂಪುಗೊಂಡಿದ್ದು ನಮ್ಮ ಬೆಂಗಳೂರಿನ ಬಿಗ್‌ಟೆಕ್ ಲ್ಯಾಬ್ಸ್‌ನಲ್ಲಿ. ಇದನ್ನು ಹೇಳಿಕೊಳ್ಳಲು ನನಗೆ ಸ್ವಲ್ಪ ಜಂಬವೇ.

ಎರಡು ವರ್ಷದ ಹಿಂದೆ ಒಬ್ಬ ಹುಡುಗ ಬರುತ್ತಿದ್ದ. ಹುಡುಗ ಅಂದರೆ ಮೂವತ್ತನಾಲ್ಕು. ಕಫದಲ್ಲಿ ಟಿಬಿ ಸಿಕ್ಕಿ ಆರು ತಿಂಗಳು ಮಾತ್ರೆ ನುಂಗಿ, ವಾಸಿ ಅಂತ ಚೀಟಿ ಪಡೆದಿದ್ದ. ಎಂಟು ತಿಂಗಳಿಗೆ ಮತ್ತೆ ಕೆಮ್ಮು. ಇಎಸ್‌ಆರ್ ಬರೆದಿದ್ದರು. ಸ್ಟ್ಯಾಂಡಿನಲ್ಲಿ ಉದ್ದದ ಗಾಜಿನ ಕೊಳವೆ ನಿಲ್ಲಿಸಿ ಒಂದು ಗಂಟೆ ಬಿಡಬೇಕು, ಕೆಂಪು ಕೆಳಗೆ ಇಳಿಯುತ್ತದೆ, ಮೇಲೆ ತಿಳಿ ನಿಲ್ಲುತ್ತದೆ. ಬೇಗ ಇಳಿದರೆ ಒಳಗೆ ಏನೋ ಕಾಯಿಲೆ ಇರಬಹುದು ಅಂತ ಅರ್ಥ. ಅವನದ್ದು ಹೇಗೆ ಇಳಿಯಿತೆಂದರೆ ನೋಡನೋಡುತ್ತಲೇ. ಆ ಒಂದು ಗಂಟೆ ಅವನು ಬೆಂಚಿನ ಮೇಲೆ ಕೂತಿದ್ದ. ಎದ್ದಾಗ ಬೆಂಚಿನ ಮೇಲೆ ಬೆಳ್ಳಗೆ, ರಂಗೋಲಿ ಪುಡಿ ಚೆಲ್ಲಿದ ಹಾಗೆ.

“ಏನಪ್ಪಾ ಇದು?”

“ಕಲ್ಲಿನ ಪುಡಿ ಸಿಸ್ಟರ್. ಗ್ರಾನೈಟ್ ಪಾಲಿಶ್. ಶಿಫ್ಟ್ ಮುಗಿಸಿ ಹಾಗೇ ಬಂದೆ.”

ಹನ್ನೊಂದು ವರ್ಷದಿಂದ ಹೊಸೂರು ರಸ್ತೆ ಆಚೆ ಕಲ್ಲು ಕುಯ್ಯುತ್ತಿದ್ದ. ಗ್ರಾನೈಟಿನಲ್ಲಿ ಐದರಲ್ಲಿ ಒಂದು ಪಾಲಿಗಿಂತ ಜಾಸ್ತಿ ಬೆಣಚು, ಅಂದರೆ ಸಿಲಿಕಾ. ನಮ್ಮ ಕಣ್ಣಿಗೆ ಕಾಣುವ ಪುಡಿ ಮೂಗಿನಲ್ಲೇ ನಿಲ್ಲುತ್ತದೆ. ಕಾಣದ ಪುಡಿ ಶ್ವಾಸಕೋಶದ ತಳ ಮುಟ್ಟುತ್ತದೆ. ಅಲ್ಲಿ ಕಾವಲಿಗೆ ಕೆಲವು ಕಣಗಳಿವೆ, ಹೊರಗಿನಿಂದ ಬಂದದ್ದನ್ನು ನುಂಗುವುದು ಅವುಗಳ ಕೆಲಸ. ಸಿಲಿಕಾ ನುಂಗಿದರೆ ಅವೇ ಸಾಯುತ್ತವೆ. ಟಿಬಿ ರೋಗಾಣುವನ್ನು ನುಂಗಿ ಹಿಡಿದಿಡಬೇಕಾದವೂ ಇದೇ ಕಣಗಳು. ಕಾವಲುಗಾರ ಸತ್ತ ಮನೆಗೆ ಕಳ್ಳ ಬಂದ ಹಾಗೆ. ಅದಕ್ಕೇ ಕಲ್ಲಿನ ಕೆಲಸದವರಿಗೆ ಟಿಬಿ ಜಾಸ್ತಿ. ಮಾತ್ರೆ ಕೊಟ್ಟು ವಾಸಿ ಮಾಡಿ ಮತ್ತೆ ಅದೇ ಧೂಳಿಗೆ ಕಳಿಸುತ್ತೇವೆ. ಅವನ ಟಿಬಿ ಕಾರ್ಡು, ಎಕ್ಸ್‌ರೇ ಚೀಟಿ, ನನ್ನ ರಿಜಿಸ್ಟರು, ಮೂರರಲ್ಲಿ ಎಲ್ಲಿಯೂ ‘ಕಲ್ಲು’ ಅನ್ನುವ ಪದ ಇರಲಿಲ್ಲ.

ಈ ಧೂಳಿನಿಂದ ಶ್ವಾಸಕೋಶ ಗಟ್ಟಿಯಾಗುವ ಕಾಯಿಲೆಯ ಹೆಸರು ಸಿಲಿಕೋಸಿಸ್. ಅದಕ್ಕೆ ಔಷಧಿ ಇಲ್ಲ, ಬೇಗ ಹಿಡಿದು ಧೂಳಿನಿಂದ ಬಿಡಿಸುವುದೊಂದೇ. ಎಕ್ಸ್‌ರೇಯಲ್ಲಿ ಕಾಣುವಷ್ಟರಲ್ಲಿ ತಡವಾಗಿರುತ್ತದೆ. ಇಲ್ಲಿ ರಕ್ತ ಸಹಾಯಕ್ಕೆ ಬರುತ್ತದೆ. ಸಣ್ಣ ಉಸಿರುನಾಳಗಳ ಒಳಗೋಡೆಯಲ್ಲಿ ಕ್ಲಬ್ ಸೆಲ್ ಅನ್ನುವ ಕಣಗಳಿವೆ, ಅವು ಸಿಸಿ16 ಅನ್ನುವ ಪ್ರೋಟೀನ್ ಮಾಡುತ್ತವೆ. ಸಿಲಿಕಾ ಆ ಕಣಗಳನ್ನು ಹಾಳು ಮಾಡಿದಾಗ ರಕ್ತದಲ್ಲಿ ಅದು ಇಳಿಯುತ್ತದೆ. ಸಾಮಾನ್ಯವಾಗಿ ಕಾಯಿಲೆ ಬಂದರೆ ಏನೋ ಒಂದು ಏರುತ್ತದೆ, ಇಲ್ಲಿ ಇಳಿಯುತ್ತದೆ. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯವರು ಇದಕ್ಕೆ ಕೈಯಲ್ಲಿ ಹಿಡಿಯುವಷ್ಟು ಸಣ್ಣ ಕಿಟ್ ಮಾಡಿದ್ದಾರೆ. ಅದೇ ಸಂಸ್ಥೆಯ ದಕ್ಷಿಣದ ಕೇಂದ್ರ ನಮ್ಮ ದೇವನಹಳ್ಳಿ ಕಡೆಯೇ ಇದೆ. ಕಲ್ಲು ಕುಯ್ಯುವ ಜಿಗಣಿಗೂ ಅಲ್ಲಿಗೂ ಒಂದು ಬೆಂಗಳೂರಿನಷ್ಟೇ ದೂರ. ಟ್ರಾಫಿಕ್ ಇದ್ದರೆ ದೂರವೇ, ಬಿಡಿ.

ಆದರೆ ಸಿಸಿ16 ಬೀಡಿ ಸೇದುವವರಲ್ಲೂ ಇಳಿಯುತ್ತದೆ. ಮತ್ತೆ ಅದೇ ಮಾತು. ಎಷ್ಟು ಹೊಸ ಟೆಸ್ಟ್ ಬಂದರೂ ಎದುರಿಗೆ ಕೂತವನನ್ನು “ಏನು ಕೆಲಸ?” ಅಂತ ಕೇಳದೆ ಅಂಕಿಗೆ ಅರ್ಥ ಬರುವುದಿಲ್ಲ.

ಆ ಹುಡುಗ ಹೋಗುವಾಗ ಒಂದು ಮಾತು ಹೇಳಿದ. “ಸಿಸ್ಟರ್, ಕಲ್ಲಿನ ಕೆಲಸ ಅಂತ ಬರೀಬೇಡಿ. ಮೇಸ್ತ್ರಿಗೆ ಗೊತ್ತಾದ್ರೆ ನಾಳೆಯಿಂದ ಬರಬೇಡ ಅಂತಾರೆ.” ನಾನು ಕೇಳುತ್ತಿರುವ ಕಾಲಂನ ಅಪಾಯವೂ ಇದೇ. 1948ರ ಕಾರ್ಖಾನೆ ಕಾಯ್ದೆಯ ಕಾಲದಿಂದಲೂ ಸಿಲಿಕೋಸಿಸ್ ಕಂಡ ಡಾಕ್ಟರು ಸರ್ಕಾರಕ್ಕೆ ತಿಳಿಸಬೇಕು ಅಂತಿದೆ. ತಿಳಿಸಿದರೆ ಕಾರ್ಮಿಕನ ಅನ್ನ ಹೋಗುತ್ತದೆ ಅನ್ನುವ ಹೆದರಿಕೆ ಇದ್ದರೆ ಯಾರು ಬಾಯಿ ಬಿಡುತ್ತಾರೆ? ಹಾಗಾಗಿ ಬರೆದದ್ದು ರೋಗಿ ಮತ್ತು ಡಾಕ್ಟರ ನಡುವೆ ಇರಬೇಕು. ಇಲಾಖೆಗೆ ಹೋಗುವಾಗ ಹೆಸರು ಹೋಗಬಾರದು, ಪ್ರದೇಶ ಮತ್ತು ಕೆಲಸ ಹೋದರೆ ಸಾಕು. ಮಾಲೀಕರ ಕೈಗೆ ಯಾವ ಕಾರಣಕ್ಕೂ ಸೇರಬಾರದು. ಇದನ್ನು ಆದೇಶದಲ್ಲೇ ಬರೆಯಿರಿ, ಬಾಯಿಮಾತಿಗೆ ಬಿಡಬೇಡಿ.

ಟಿಬಿ ವಾಸಿಯಾದ ಮೇಲೂ ಕೆಮ್ಮಿ ಕಫದಲ್ಲಿ ರಕ್ತ ಬಂದರೆ ಎಲ್ಲರೂ ‘ಮತ್ತೆ ಟಿಬಿ’ ಅಂದುಕೊಳ್ಳುತ್ತಾರೆ. ಹಳೆ ಟಿಬಿ ಕೊರೆದ ಪೊಟರೆಯಲ್ಲಿ ಆಸ್ಪರ್ಜಿಲಸ್ ಅನ್ನುವ ಬೂಷ್ಟು ಬೆಳೆದಿರಬಹುದು. ರಕ್ತದಲ್ಲಿ ಅದರ ವಿರುದ್ಧದ ಐಜಿಜಿ ಅನ್ನುವ ಪ್ರತಿಕಾಯ ನೋಡಿದರೆ ಸುಳಿವು ಸಿಗುತ್ತದೆ. ಹಾಗೆಯೇ ಪಾರಿವಾಳ. ಅಪಾರ್ಟ್‌ಮೆಂಟಿನ ಎಸಿ ಪಕ್ಕ ಗೂಡು ಕಟ್ಟಿ ಗುಟುರು ಹಾಕುತ್ತಿರುತ್ತವಲ್ಲ, ಅವುಗಳ ಹಿಕ್ಕೆ ಪುಡಿ ಉಸಿರಾಡಿ ಶ್ವಾಸಕೋಶ ಗಟ್ಟಿಯಾದವರಿದ್ದಾರೆ. ಟೆಸ್ಟು ಎರಡಕ್ಕೂ ಇದೆ. ಬರೆಯಬೇಕು ಅಂತ ಹೊಳೆಯಬೇಕಾದರೆ ಬಾಲ್ಕನಿಯಲ್ಲಿ ಏನಿದೆ ಅಂತ ಕೇಳಿರಬೇಕು.

ಕೇಳುವುದರಿಂದ ಏನಾಗುತ್ತದೆ ಅನ್ನುವವರಿಗೆ ನಮ್ಮ ಊರಿನದೇ ಒಂದು ಉದಾಹರಣೆ ಇದೆ. ಬಳ್ಳಾರಿ ರಸ್ತೆಯಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಇದೆ, 1959ರಲ್ಲಿ ಶುರುವಾದದ್ದು. ಅಲ್ಲಿನ ದೇಬಬರ್ ಬ್ಯಾನರ್ಜಿ ಮತ್ತು ಸ್ಟಿಗ್ ಆ್ಯಂಡರ್ಸನ್ ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಟಿಬಿ ಇದ್ದವರನ್ನು ಮಾತಾಡಿಸಿದರು. 1963ರಲ್ಲಿ ಅದು ಪ್ರಕಟವಾಯಿತು. ಹಳ್ಳಿ ಜನಕ್ಕೆ ಅರಿವಿಲ್ಲ, ಅವರಾಗಿ ಬರುವುದಿಲ್ಲ ಅಂತ ಆಗಿನ ದೊಡ್ಡವರು ನಂಬಿದ್ದರು. ಕೇಳಿದಾಗ ಗೊತ್ತಾದದ್ದು ಬೇರೆ. ಅರ್ಧದಷ್ಟು ಜನ ಆಗಲೇ ಆಸ್ಪತ್ರೆ ಬಾಗಿಲಿಗೆ ಹೋಗಿ ಬಂದಿದ್ದರು. ಕೆಮ್ಮಿನ ಔಷಧಿಯ ಬಾಟಲಿ ಕೊಟ್ಟು ಮನೆಗೆ ಕಳಿಸಿದ್ದರು. ದೇಶದ ಟಿಬಿ ಕಾರ್ಯಕ್ರಮದ ದಾರಿ ರೂಪುಗೊಂಡದ್ದರಲ್ಲಿ ಆ ಪ್ರಶ್ನೆಗಳ ಪಾಲು ದೊಡ್ಡದು. ಹೆಬ್ಬಾಳದ ಕಡೆ ಬಸ್ಸಿನಲ್ಲಿ ಹೋಗುವಾಗ ಆ ಕಾಂಪೌಂಡು ಕಂಡರೆ ನನಗೆ ಅದೇ ಬಾಟಲಿ ನೆನಪಾಗುತ್ತದೆ. ಅರವತ್ತು ವರ್ಷ ಕಳೆದರೂ ಬಾಟಲಿ ಕೊಡುವುದು ನಿಂತಿಲ್ಲವಲ್ಲ ಅಂತ.

ಮಕ್ಕಳ ಡಾಕ್ಟರು ಎಚ್. ಪರಮೇಶ್ ಅವರೂ ಎಣಿಸಿಟ್ಟರು. ಬೆಂಗಳೂರಿನ ಆಸ್ಪತ್ರೆಗೆ ಬಂದ 20,000 ಮಕ್ಕಳ ಲೆಕ್ಕದಲ್ಲಿ ಆಸ್ತಮಾ ಇದ್ದವರು 1979ರಲ್ಲಿ 9 ಶೇಕಡ, 1999ರಲ್ಲಿ 29.5 ಶೇಕಡ. ಶಾಲೆಗಳಲ್ಲಿ ನೋಡಿದಾಗಲೂ ಗಾಡಿ ದಟ್ಟಣೆ ಇರುವ ಕಡೆಯ ಶಾಲೆಗಳಲ್ಲಿ ಜಾಸ್ತಿ, ಕಮ್ಮಿ ಇರುವ ಕಡೆ ಕಮ್ಮಿ. ಆ ಮಕ್ಕಳಿಗೆ ಈಗ ಮಕ್ಕಳಿದ್ದಾರೆ. ಊರಿನ ಗಾಡಿಗಳ ಬಗ್ಗೆ ನಾನು ಹೇಳಬೇಕಾಗಿಲ್ಲ.

ಮಾಲಿನ್ಯ ಮಂಡಳಿಯವರಿಗೆ ಪ್ರತ್ಯೇಕ ಮಾತು. ನಿಮ್ಮ ಗಾಳಿ ಅಳೆಯುವ ಕೇಂದ್ರ ಪೀಣ್ಯದಲ್ಲಿದೆ, ಹೆಬ್ಬಾಳದಲ್ಲಿದೆ, ಸಿಲ್ಕ್ ಬೋರ್ಡಿನಲ್ಲಿದೆ, ಜಯನಗರದಲ್ಲಿದೆ. ಅಂಕಿ ಯಾರು ಬೇಕಾದರೂ ನೋಡಬಹುದು. ಒಳ್ಳೆಯದು. ಸಣ್ಣ ಕಣ ಪಿಎಂ2.5ಕ್ಕೆ ನಮ್ಮ ದೇಶದ ವರ್ಷದ ಮಿತಿ ಒಂದು ಘನ ಮೀಟರ್ ಗಾಳಿಗೆ 40 ಮೈಕ್ರೋಗ್ರಾಂ, ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ್ದು 5. ಮಿತಿಯ ಜಗಳ ಈಗ ಬೇಡ. ನನ್ನ ಕೋರಿಕೆ ಸಣ್ಣದು. ನಿಮ್ಮ ಅಂಕಿ ಒಂದು ಕಚೇರಿಯಲ್ಲಿ, ನನ್ನ ರಿಜಿಸ್ಟರು ಇನ್ನೊಂದು ಕಡೆ. ಎರಡೂ ಒಂದು ದಿನವೂ ಮುಖ ನೋಡಿಕೊಂಡಿಲ್ಲ. ಪೀಣ್ಯದಲ್ಲಿ ಗಾಳಿ ಕೆಟ್ಟ ವಾರ ಪೀಣ್ಯದ ಜನರ ರಕ್ತ ಏನು ಹೇಳಿತು? ಪಿನ್‌ಕೋಡ್ ಮತ್ತು ತಾರೀಖು ಇದ್ದರೆ ಜೋಡಿಸಬಹುದು. ರಕ್ತಕ್ಕೆ ಗಾಳಿಯ ಸಾಕ್ಷಿ ಹೇಳುವುದು ಗೊತ್ತು. ಅಮೆರಿಕದಲ್ಲಿ ಪೆಟ್ರೋಲಿಗೆ ಹಾಕುವ ಸೀಸ ಕಮ್ಮಿ ಮಾಡುತ್ತಾ ಹೋದಾಗ 1976ರಿಂದ 1980ರ ಒಳಗೆ ಜನರ ರಕ್ತದ ಸೀಸ ಮೂರನೇ ಒಂದು ಪಾಲಿಗಿಂತ ಜಾಸ್ತಿ ಇಳಿಯಿತು. ಪಕ್ಕಪಕ್ಕದಲ್ಲಿ ಗೆರೆ ಎಳೆದು ನೋಡಿದ್ದರಿಂದಲೇ ಅದು ಕಂಡದ್ದು. ಸೀಸದ ಪೆಟ್ರೋಲನ್ನು ನಾವೂ 2000ದಲ್ಲಿ ಬಿಟ್ಟೆವು.

ಹಾಗಾದರೆ ಕಾಲಂನಲ್ಲಿ ಏನಿರಬೇಕು ಅಂತ ಕೇಳುತ್ತೀರಿ. ಈಗಿನ ಕೆಲಸ, ಅದಕ್ಕಿಂತ ಹಿಂದಿನ ಕೆಲಸ. ಹಿಂದಿನದು ಮುಖ್ಯ, ಸೆಕ್ಯೂರಿಟಿ ಅಂತ ಬರೆಸುವವರು ಇಪ್ಪತ್ತು ವರ್ಷ ಫೌಂಡ್ರಿಯಲ್ಲಿ ಇದ್ದಿರುತ್ತಾರೆ. ಒಲೆ ಯಾವುದು. ಮನೆಯಲ್ಲಿ ಸೊಳ್ಳೆ ಬತ್ತಿ ಹಚ್ಚುತ್ತಾರಾ. ಒಂದು ಬತ್ತಿ ಪೂರ್ತಿ ಉರಿದರೆ 75ರಿಂದ 137 ಸಿಗರೇಟಿನಷ್ಟು ಸಣ್ಣ ಕಣ ಬಿಡುತ್ತದೆ ಅಂತ 2003ರಲ್ಲೇ ಅಳೆದಿದ್ದಾರೆ, ನಾವು ಬಾಗಿಲು ಮುಚ್ಚಿ ಮಗು ಪಕ್ಕ ಹಚ್ಚುತ್ತೇವೆ. ಗೋಡೆ ಒದ್ದೆ ಇದೆಯಾ, ಪಾರಿವಾಳ ಇದೆಯಾ. ಹಿಂದೆ ಟಿಬಿ ಆಗಿತ್ತಾ. ಈ ವಾರ ಏನು ಮಾತ್ರೆ ನುಂಗಿದಿರಿ. ಅಷ್ಟೆ. ಸರ್ಕಾರದ ‘ನಮ್ಮ ಕ್ಲಿನಿಕ್’ಗಳಲ್ಲಿ ಶುರು ಮಾಡಿ, ಅಲ್ಲಿ ಬರುವುದೇ ಇಂಥ ಜನ. ಕೆಮ್ಮು, ಉಬ್ಬಸದವರ ಸಿಬಿಸಿ ಆದರೆ ಇಯೊಸಿನೊಫಿಲ್ ಎಣಿಸಿಯೇ ಬರೆಯಬೇಕು, ಇಲ್ಲದಿದ್ದರೆ ‘ಎಣಿಸಿಲ್ಲ’ ಅಂತ ಬರೆಯಬೇಕು ಅನ್ನುವ ಒಂದು ಸಾಲಿನ ಆದೇಶ ಸಣ್ಣ ಲ್ಯಾಬುಗಳಿಗೂ ಬರಲಿ. ಊದುವ ಪರೀಕ್ಷೆ, ಸ್ಪೈರೋಮೆಟ್ರಿ, ಅದರ ಜಾಗವನ್ನು ರಕ್ತ ತುಂಬುವುದಿಲ್ಲ ಅನ್ನುವುದೂ ನೆನಪಿರಲಿ. ಸಿಒಪಿಡಿ ಇದೆಯೋ ಇಲ್ಲವೋ ಹೇಳುವುದು ಅದೇ.

ಟೈಮ್ ಎಲ್ಲಿದೆ ಅನ್ನುತ್ತೀರಿ. ನಾನು ಹೋದ ಯುಗಾದಿಯಿಂದ ಪೆನ್ಸಿಲ್ಲಿನಲ್ಲಿ ಬರೆಯುತ್ತಿದ್ದೇನೆ. ನರ ಹುಡುಕುವಾಗ, ಸ್ಪಿರಿಟ್ ಒಣಗುವಾಗ ಕೇಳಿದರೆ ಮುಗಿಯುತ್ತದೆ. ಬೇರೆ ಸಮಯ ಬೇಡ. ಸೂಜಿ ಮೇಲಿನ ಗಮನವೂ ಅವರಿಗೆ ತಪ್ಪುತ್ತದೆ, ಅದು ಬೋನಸ್ಸು. ಒಮ್ಮೊಮ್ಮೆ ಮಾತು ಉದ್ದವಾಗುತ್ತದೆ ಅನ್ನುವುದೂ ನಿಜ.

ಹೋದ ತಿಂಗಳು ಮೂಲೆಯ ಇಸ್ತ್ರಿ ಅಂಗಡಿಯವರು ಬಂದಿದ್ದರು. ತಲೆನೋವು, ಸುಸ್ತು, ಉಸಿರು ಸಾಲದು. ಬೆರಳಿಗೆ ಆಮ್ಲಜನಕ ನೋಡುವ ಕ್ಲಿಪ್ ಹಾಕಿದರೆ 97, ಏನೂ ತೊಂದರೆ ಇಲ್ಲ ಅಂದಿದ್ದರಂತೆ. ಇದ್ದಿಲು ಪೆಟ್ಟಿಗೆ ಹಿಡಿದು ದಿನಕ್ಕೆ ಹತ್ತು ಗಂಟೆ, ಮಳೆ ಬಂದರೆ ಟಾರ್ಪಾಲು ಇಳಿಸಿ ಒಳಗೇ. ಇದ್ದಿಲ ಹೊಗೆಯ ಕಾರ್ಬನ್ ಮೊನಾಕ್ಸೈಡ್ ರಕ್ತಕ್ಕೆ ಅಂಟಿಕೊಂಡರೆ ಆ ಕ್ಲಿಪ್ಪಿಗೆ ಅದು ಆಮ್ಲಜನಕದ ಹಾಗೇ ಕಾಣುತ್ತದೆ, ಮೋಸ ಹೋಗುತ್ತದೆ. ರಕ್ತದಲ್ಲಿ ಅಳೆಯಬಹುದು, ಆದರೆ ಚೊಕ್ಕ ಗಾಳಿಗೆ ಬಂದ ನಾಲ್ಕೈದು ಗಂಟೆಗೆ ಅರ್ಧಕ್ಕೆ ಇಳಿದಿರುತ್ತದೆ. ನಾವು ಎಲ್ಲರಿಗೂ ಹೇಳುವುದೇನು? “ಬೆಳಗ್ಗೆ ಖಾಲಿ ಹೊಟ್ಟೇಲಿ ಬನ್ನಿ.” ರಾತ್ರಿಯಿಡೀ ಒಳ್ಳೆ ಗಾಳಿ ಕುಡಿದು ಬಂದವರ ರಕ್ತದಲ್ಲಿ ಹಗಲಿನ ಹೊಗೆ ಎಲ್ಲಿ ಸಿಗಬೇಕು?

“ಸಂಜೆ ಪೆಟ್ಟಿಗೆ ಇಳಿಸಿದ ಕೂಡಲೇ ಬನ್ನಿ ಅಣ್ಣ,” ಅಂತ ಅವರ ಚೀಟಿಯ ಮೇಲೆ ಡಾಕ್ಟರಿಗೆ ಕಾಣುವ ಹಾಗೆ ದೊಡ್ಡದಾಗಿ ಬರೆದುಕೊಟ್ಟೆ. ಇಸ್ತ್ರಿ, ಇದ್ದಿಲು, ಹತ್ತು ಗಂಟೆ. ಆ ಟೆಸ್ಟು ನಮ್ಮಲ್ಲಿ ಇಲ್ಲ, ದೊಡ್ಡ ಆಸ್ಪತ್ರೆಗೇ ಹೋಗಬೇಕು. ಹೋದರೋ ಇಲ್ಲವೋ, ಇನ್ನೂ ಬಂದು ಹೇಳಿಲ್ಲ.

ನಿಮ್ಮ ಆದೇಶ ಬರುವ ತನಕ ನಾನು ಪೆನ್ಸಿಲ್ಲಿನಲ್ಲೇ ಬರೆಯುತ್ತಿರುತ್ತೇನೆ. ನಮ್ಮ ರಿಜಿಸ್ಟರಿನ ಬಲ ಅಂಚಿನಲ್ಲಿ ಎರಡು ಇಂಚು ಜಾಗ ಖಾಲಿ ಇದೆ.

ಇಂತಿ,
ಪೀಣ್ಯದ ಒಬ್ಬ ಲ್ಯಾಬ್ ಟೆಕ್ನಿಷಿಯನ್